ಸ್ಪೇರಿನ ಗಂಟು

೧

ಎಲ್ಲಿಂದ ಶುರು ಮಾಡೋದು ಅನ್ನೋದೇ ತಿಳೀತಾ ಇಲ್ಲ. ಮೋಟಾರ್ ಸೈಕಲ್ಲಿನಿಂದ ಶುರು ಮಾಡಿದರೆ, ಓದೋ ನೀವು ಇದ್ಯಾವುದೋ ಸವಾರಿಯ ಕಥೆ ಅಂತ ಕಾಲು ಚಾಚಿ ಕೂತುಬಿಡ್ತೀರಿ. ನರಿಯಿಂದ ಶುರು ಮಾಡಿದರೆ ಪುಟ ಮಗುಚಿ ಮುಂದಕ್ಕೆ ಹೋಗ್ತೀರಿ. ದೊಡ್ಡಮುನಿಯಪ್ಪನ ಮಗಳಿಂದ ಶುರು ಮಾಡೋಣ ಅಂದರೆ ಅವಳು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು, ನನಗೆ ಬೆನ್ನು ಹಾಕಿ ಕೂತಿದ್ದಾಳೆ. ಕರೆದರೂ ತಿರುಗಲಿಲ್ಲ.

ಒಂದು ಸಲ ಹೀಗೆ ಬರೆದೆ: "ಕ್ಲೋಸ್‌ಪೇಟೆಯ ಬಂಡೆಗಳ ಮೇಲೆ ಸೂರ್ಯ ಹುಟ್ಟುತ್ತಿದ್ದ ಹೊತ್ತಿಗೆ..." ಹೊಡೆದು ಹಾಕಿದೆ. (ಕ್ಲೋಸ್‌ಪೇಟೆ ಅಂದರೆ ಈಗಿನ ರಾಮನಗರ. ಮಹಾರಾಜರ ಕಾಲದಲ್ಲಿ ಹಾಗಂತಿದ್ದರು.) ಆ ಬಂಡೆಗಳ ಮೇಲೆ ಸೂರ್ಯ ಎಷ್ಟು ಕಥೆಗಳಲ್ಲಿ ಹುಟ್ಟಿದ್ದಾನೋ, ಅವನಿಗೂ ಸಾಕಾಗಿರುತ್ತೆ.

ಇನ್ನೊಂದು ಸಲ ಬರೆದೆ: "ಉಯ್ಯಂಬಳ್ಳಿಯ ಹೊಲದಲ್ಲಿ ಹುಚ್ಚುನರಿ ವರಲಕ್ಷ್ಮಮ್ಮನ ಕೆನ್ನೆಗೆ ಬಾಯಿ ಹಾಕಿತು." ಇದು ಸರಿಯಾಗೇ ಇದೆ. ಆದರೆ ಇದನ್ನ ಬರೆದ ಮೇಲೆ ಸಾಯಂಕಾಲದ ತನಕ ಪೆನ್ನು ಮುಟ್ಟೋಕೆ ಮನಸ್ಸು ಬರಲಿಲ್ಲ. ಹಾಳೆ ಅಲ್ಲೇ ಇತ್ತು. ನರಿಯೂ ಅಲ್ಲೇ ಇತ್ತು.

ಇರಲಿ. ಶುರುವಾಗಿಬಿಟ್ಟಿದೆ.

೨

ವಿಷಯ ಇಷ್ಟು. ಮೊದಲನೇ ಮಹಾಯುದ್ಧ ಮುಗಿದು ಎರಡು ಮೂರು ವರ್ಷ ಆಗಿತ್ತು. ಬೈರಾಪಟ್ಟಣದ ದೊಡ್ಡಮುನಿಯಪ್ಪ ಅಂದರೆ ಚರ್ಮ ಹದ ಮಾಡಿ ಗಾಡಿಯ ಬಾರು, ಎತ್ತಿನ ಮಿಣಿ ಹೊಲಿಯೋನು. ಹೆಂಡತಿ ಇಲ್ಲ. ಒಬ್ಬಳೇ ಮಗಳು ವರಲಕ್ಷ್ಮಮ್ಮ. ಅವಳನ್ನ ಕನಕಪುರದಿಂದಾಚೆ ತೆಂಕಲಿಗೆ, ಉಯ್ಯಂಬಳ್ಳಿಗೆ ಕೊಟ್ಟಿದ್ದ. ರಾಗಿ ಹೊಲದಲ್ಲಿ ಬಗ್ಗಿ ಕಳೆ ಕೀಳ್ತಿದ್ದಾಗ ನರಿ ಬಂತು. ಗಂಡನ ಮನೆಯೋರು ಸೊಪ್ಪಿನ ರಸ ಹಚ್ಚಿದರು, ಮಂತ್ರಿಸಿದ ದಾರ ಕಟ್ಟಿದರು, ಆಯ್ತು ಬಿಡು ಅಂದರು. ಆಮೇಲೆ ಅದೇ ನರಿ ಬದುವಿನ ಮೇಲೆ ಜೊಲ್ಲು ಸುರಿಸಿಕೊಂಡು ಸತ್ತು ಬಿದ್ದಿದ್ದು ಗೊತ್ತಾದ ದಿನ, ಸೊಸೆಯನ್ನ ಗಾಡಿ ಹತ್ತಿಸಿ ಅಪ್ಪನ ಮನೆಗೆ ಕಳಿಸಿಬಿಟ್ಟರು.

ಹುಚ್ಚಿನ ಕಡಿತಕ್ಕೆ ಸೂಜಿಮದ್ದು ಇದ್ದದ್ದು ನೀಲಗಿರಿ ಬೆಟ್ಟದ ಕೂನೂರಿನಲ್ಲಿ. ರೈಲಿನಲ್ಲಿ ಹೋಗಬಹುದಿತ್ತು. ಆದರೆ ಈ ಕಥೆಯ ವರ್ಷ ಬೈರಾಪಟ್ಟಣದ ಕೇರಿಯಲ್ಲಿ ಪ್ಲೇಗು. ಪ್ಲೇಗಿನ ಊರಿನಿಂದ ಬಂದೋರು ಕ್ಯಾಂಪಿನ ಗುಡಿಸಲಲ್ಲಿ ದಿನಗಟ್ಟಲೆ ಕೂತು, ರೋಗ ಇಲ್ಲ ಅಂತ ಚೀಟಿ ಬರೆಸಿಕೊಂಡ ಮೇಲೇ ರೈಲು. ಹಾಗೆ ಕೂರೋ ಅಷ್ಟು ದಿನ ವರಲಕ್ಷ್ಮಮ್ಮನ ಹತ್ತಿರ ಇರಲಿಲ್ಲ.

ಉಳಿದದ್ದು ಕ್ಲೋಸ್‌ಪೇಟೆಯ ಸಿದ್ದಗಂಗಯ್ಯನ ಮೋಟಾರ್ ಸೈಕಲ್ಲು.

ಸಿದ್ದಗಂಗಯ್ಯ ರೇಷ್ಮೆ ವ್ಯಾಪಾರಿ. ಯುದ್ಧ ಮುಗಿದ ಮೇಲೆ ಬೆಂಗಳೂರು ದಂಡಿನಲ್ಲಿ ಮಿಲಿಟರಿಯೋರು ಹರಾಜು ಹಾಕಿದ ಗಾಡಿಯನ್ನ ಪಕ್ಕದ ತೊಟ್ಟಿಲ ಸಮೇತ ತಂದಿದ್ದ. (ತೊಟ್ಟಿಲು ಅಂತ ಕರೀತಿದ್ದೋರು ಊರಿನೋರು. ಸೈಡ್ ಕಾರು ಅನ್ನಬೇಕಂತೆ.) ಆಗಿನ ಗಾಡಿಗೆ ಚಕ್ರ ತಿರುಗಿಸೋಕೆ ಚರ್ಮದ ಬೆಲ್ಟು. ಸೀಮೆಯ ಬೆಲ್ಟು ಹರಿದುಹೋದಾಗ ದೊಡ್ಡಮುನಿಯಪ್ಪನೇ ಮಾಗಡಿ ಕಡೆಯ ಕೋಣದ ಚರ್ಮ ತಂದು, ತಂಗಡಿ ತೊಗಟೆಯಲ್ಲಿ ಹದ ಮಾಡಿ, ಬೇರೆ ಬೆಲ್ಟು ಹೊಲಿದು ಕೊಟ್ಟಿದ್ದ. ಅದು ಸೀಮೆಯದಕ್ಕಿಂತ ಚೆನ್ನಾಗಿ ಓಡಿತು. ಆದ್ದರಿಂದ ಅವನು ಮಗಳನ್ನ ಕರ್ಕೊಂಡು ಬಂದು ಅಂಗಳದಲ್ಲಿ ಕೈ ಮುಗಿದು ನಿಂತಾಗ ಸಿದ್ದಗಂಗಯ್ಯ ಜಗಲಿ ಮೇಲಿಂದ ಇಲ್ಲ ಅನ್ನಲಿಲ್ಲ.

"ತಗೊಂಡೋಗು ಮುನಿಯ. ಮಗಳ ಜೀವ ದೊಡ್ಡದು. ಲೇ ವಜೀರ, ಆ ತೊಟ್ಟಿಲ ಮೆತ್ತೆ ಎತ್ತಿ ಒಳಗಿಡು. ಗೋಣಿತಾಟು ಹಾಸ್ಕೊಳ್ಲಿ."

(ಮೆತ್ತೆಯ ಮಾತನ್ನ ತೆಗೆದುಬಿಡೋಣ ಅಂತಿದ್ದೆ. ಸಿದ್ದಗಂಗಯ್ಯ ಒಳ್ಳೆಯೋನು ಅಂತ ನೀವು ಅಂದುಕೊಳ್ಳೋ ಹೊತ್ತಿಗೆ ಸರಿಯಾಗಿ ಅಡ್ಡ ಬರುತ್ತೆ. ಆದರೆ ಅವನು ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ. ನಾನು ಅರ್ಧ ಉಸಿರು ಬರೆಯೋದು ಹೇಗೆ?)

೩

ಈಗ ವಜೀರ. ಸಿದ್ದಗಂಗಯ್ಯನ ಗಾಡಿ ಓಡಿಸೋನು. ಬಸ್ರಾ ಕಡೆ ಯುದ್ಧಕ್ಕೆ ಹೋಗಿ, ಮರಳಿನಲ್ಲಿ ಇಂಥದೇ ಗಾಡಿ ಓಡಿಸಿ, ಬದುಕಿ ಬಂದೋನು. ದೂರದ ದಾರಿ ಅಂದರೆ ಗಾಡಿಯ ಹೊಟ್ಟೆ ಬಗೆದು ನೋಡದೆ ಹೊರಡೋನಲ್ಲ.

ಅಂಗಳದಲ್ಲಿ ತಾಟು ಹಾಸಿ ಕೂತ. ಚಕ್ರದ ಒಂದೊಂದು ಕಡ್ಡಿಯನ್ನೂ ಸ್ಪ್ಯಾನರಿನಿಂದ ತಟ್ಟಿ ಕಿವಿ ಕೊಟ್ಟು ಕೇಳಿದ. ಮಂಕಾಗಿ ಸದ್ದು ಮಾಡಿದ್ದನ್ನ ಬಿಗಿ ಮಾಡಿದ. ಕಿಡಿ ಹಾರೋ ಪ್ಲಗ್ಗು ಬಿಚ್ಚಿ ಮಸಿ ಕೆರೆದ. ಪೆಟ್ರೋಲು ಸೋಸೋಕೆ ಸಿದ್ದಗಂಗಯ್ಯನ ಗೋಡೌನಿನಿಂದ ಒಂದು ಅಂಗೈಯಗಲದ ರೇಷ್ಮೆ ಚೂರು ತಂದ. ಆಮೇಲೆ ಸ್ಪೇರು ಸಾಮಾನು ತೆಗೆದ: ಇನ್ನೊಂದು ಪ್ಲಗ್ಗು, ವಾಲ್ವು, ಅದರ ಸ್ಪ್ರಿಂಗು, ಒಂದು ಸುತ್ತು ತಂತಿ, ದೀಪಕ್ಕೆ ಕಾರ್ಬೈಡಿನ ಡಬ್ಬಿ, ತೇಪೆ, ತೇಪೆಯ ಅಂಟು, ಮುನಿಯಪ್ಪನೇ ಹೊಲಿದ ಇನ್ನೊಂದು ಬೆಲ್ಟು, ಟೈರಿನ ಒಳಗೆ ಕೂರೋ ಎರಡು ಟ್ಯೂಬು.

ದೊಡ್ಡಮುನಿಯಪ್ಪ ಕುಕ್ಕರಗಾಲಲ್ಲಿ ಕೂತು ಎಲ್ಲ ನೋಡ್ತಿದ್ದ. ಬೆಲ್ಟನ್ನ ಕೈಗೆ ತಗೊಂಡು ಮಡಚಿ, ಬಿಟ್ಟು, ತೃಪ್ತಿಯಿಂದ ಕೆಳಗಿಟ್ಟ. ಟ್ಯೂಬು ಮುಟ್ಟಿದಾಗ ಮಾತ್ರ ಅವನ ಹೆಬ್ಬೆಟ್ಟು ನಿಂತುಹೋಯಿತು.

"ಇದ್ಯಾವ ಪ್ರಾಣಿ ಚರ್ಮ್ಲಾ ವಜೀರ?"

"ಚರ್ಮ ಅಲ್ಲ ಮುನಿಯಣ್ಣ. ಮರದ ಹಾಲು."

"ಏನಂದೆ?"

"ಮರಾನ ಕುಯ್ದ್ರೆ ಹಾಲು ಬತ್ತದೆ. ಅದ ಗಟ್ಟಿ ಮಾಡಿದ್ರೆ ಇದು."

ದೊಡ್ಡಮುನಿಯಪ್ಪ ಎಷ್ಟೋ ದಿನಕ್ಕೆ ನಕ್ಕ. "ಅಂಗಾರೆ ಸೀಮೆಯೋರು ಮರಾನೂ ಕರೀತಾರೆ ಅನ್ನು. ಕರಾನ ಎಲ್ಲಿ ಕಟ್ಟಾಕ್ತಾರ್ಲಾ, ಕೊಂಬೆಗಾ?"

"ನಂಬದಿದ್ರೆ ಬುಡು."

"ನಂಬ್ದೆ ಕಣಪ್ಪ. ಮುದುಕ ಮಂಕಾಗಿ ಕುಂತವ್ನೆ, ಒಸಿ ನಗಿಸಾನ ಅಂತ ಯೋಳ್ದೆ. ಗೊತ್ತು ನಂಗೆ. ಕರೀ ಮೇಕೆ ಕರುಳೋ, ಆನೆ ಮರಿ ಕರುಳೋ, ಏನೋ ಒಂದು."

ಗೋಡೆಗೊರಗಿದ್ದ ವರಲಕ್ಷ್ಮಮ್ಮ ಬಟ್ಟೆಯೊಳಗಿಂದಲೇ ಹೇಳಿದಳು: "ಅಪ್ಪ, ಅದು ಮರದ್ದೋ ಮೇಕೇದೋ, ಓಡಿದ್ರೆ ಸಾಕು. ಅವ್ರಿಗೆ ಜಾಗ ಬುಡು."

ಅವಳು ಈ ಕಥೆಯಲ್ಲಿ ಆಡಿದ ಮೊದಲ ಮಾತು ಇದು. ನಾನು ಬರೆದದ್ದಲ್ಲ. ಅವಳೇ ಆಡಿದಳು.

೪

ವಜೀರ ಎರಡು ಟ್ಯೂಬಿಗೂ ಸೀಮೆಸುಣ್ಣದ ಪುಡಿ ಸವರಿದ. ಮಡಚಿಟ್ಟಾಗ ಒಂದಕ್ಕೊಂದು ಅಂಟಬಾರದು ಅಂತ ಹಾಗೆ ಮಾಡೋದು. ತಾಟಿನ ಮೇಲೆ ಹರಡಿ, ಪೆಟ್ರೋಲಿನ ಡಬ್ಬ ತರೋಕೆ ಚನ್ನಪಟ್ಟಣಕ್ಕೆ ಹೊರಟ. ಪುಡಿ ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮಗಳು ಗೋಡೆಗೊರಗೇ ಮಂಪರಿಗೆ ಹೋದಳು. ಅವಳ ಕೆನ್ನೆಯ ಬಟ್ಟೆ ಉಸಿರಿಗೆ ತಕ್ಕ ಹಾಗೆ ಅಲುಗುತ್ತಿತ್ತು. ದೊಡ್ಡಮುನಿಯಪ್ಪನಿಗೆ ಅದನ್ನ ನೋಡ್ತಾ ಸುಮ್ಮನೆ ಕೂರೋಕೆ ಆಗಲಿಲ್ಲ. ಅವನ ಕೈಗಳು ಹುಟ್ಟಿದ ಮೇಲೆ ಸುಮ್ಮನೆ ಕೂತದ್ದೇ ಇಲ್ಲ. ಆಗ ಟ್ಯೂಬಿನ ಮೇಲಿನ ಬಿಳಿ ಕಣ್ಣಿಗೆ ಬಿತ್ತು.

ಬೂಷ್ಟು!

ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಬಾರಿಗೆ ಹಿಡಿಯುತ್ತಲ್ಲ, ಅಂಥದೇ ಬಿಳಿ. ಹಾಗೆ ಬಿಳಿಚಿಕೊಂಡ ಚರ್ಮ ಒಣಗಿದೆ ಅಂತ ಲೆಕ್ಕ. ಒಣಗಿದ ಬಾರು ದಾರಿಯಲ್ಲಿ ಹರಿಯುತ್ತೆ. ದೂರದ ಪಯಣಕ್ಕೆ ಮುಂಚೆ ಗಾಡಿಯ ಚರ್ಮಕ್ಕೆಲ್ಲ ಎಣ್ಣೆ ಕುಡಿಸಬೇಕು ಅನ್ನೋದು ಅವನ ಅಪ್ಪ, ಅವನ ತಾತ ಮಾಡಿಕೊಂಡು ಬಂದ ಕೆಲಸ. ಕಾಡು ದಾರಿ ಹಿಡಿಯೋ ಗಾಡಿಯೋರು ಮೊದಲು ಅವನ ಮನೆ ಮುಂದೆ ನಿಂತು, ಬಾರಿಗೆ ಎಣ್ಣೆ ಮಾಡಿಸಿಕೊಂಡೇ ಹೋಗ್ತಿದ್ದರು.

ಸೊಂಟದಲ್ಲಿ ಹೊಂಗೆ ಎಣ್ಣೆಯ ಬಿದಿರು ಗೊಟ್ಟ ಯಾವಾಗಲೂ ಇರುತ್ತಿತ್ತು. ತೆಗೆದ. ಬಿಳಿಯನ್ನ ಪಂಚೆಯ ಚುಂಗಿನಿಂದ ಚೆನ್ನಾಗಿ ಒರೆಸಿದ. ಅಂಗೈಗೆ ಎಣ್ಣೆ ಸುರಿದುಕೊಂಡು, ಮೊಳ ಮೊಳವೇ ಎಳೆದು, ನೀವಿ ನೀವಿ ತಿಕ್ಕಿದ. ಬಾಣಂತಿ ಮನೆಯ ಕೂಸಿಗೆ ತಿಕ್ಕೋ ಹಾಗೆ. ಬಿಸಿಲಿಗೆ ಅದು ಎಣ್ಣೆಯನ್ನ ಕುಡಿಯಿತು. ಚರ್ಮ ಕುಡಿದ ಹಾಗೇ ಕುಡಿಯಿತು. ಅದು ಕುಡಿದಷ್ಟೂ ಅವನಿಗೆ ಎದೆ ಹಗುರಾಯಿತು. ಆ ದಿನಗಳಲ್ಲೆಲ್ಲ ಮಗಳಿಗಾಗಿ ಅವನ ಕೈಯಿಂದ ಆದ ಕೆಲಸ ಇದೊಂದೇ.

(ಇಲ್ಲಿ ವಜೀರನನ್ನ ವಾಪಸ್ ಕರೆಸೋಣ ಅಂತ ನೋಡಿದೆ. ಬೀಡಿ ಮರೆತ ಅಂತ ಬರೆದೆ. ಬಂದ, ಬೀಡಿ ತಗೊಂಡ, ಹೋದ. ತಾಟಿನ ಕಡೆ ತಿರುಗಿಯೂ ನೋಡಲಿಲ್ಲ. ನಾಯಿ ಬೊಗಳಿಸಿದೆ, ಸಿದ್ದಗಂಗಯ್ಯನಿಗೆ ಕೆಮ್ಮು ಬರಿಸಿದೆ. ಯಾರೂ ಆ ಕಡೆ ನೋಡಲಿಲ್ಲ. ಆ ಡ್ರಾಫ್ಟು ಹರಿದು ಒಲೆಗೆ ಹಾಕಿದೆ.)

ಮಿಕ್ಕ ಎಣ್ಣೆಯನ್ನ ಬೆಲ್ಟಿಗೂ ತಿಕ್ಕಿ, ಸಾಮಾನೆಲ್ಲ ಒಂದು ಚರ್ಮದ ಹಾಳೆಯಲ್ಲಿ ಸುತ್ತಿ, ಗಾಡಿಯೋರ ಬಿಗಿಯಲ್ಲಿ ಗಂಟು ಕಟ್ಟಿದ.

೫

ವಜೀರ ಡಬ್ಬ ತಂದ. ಗಂಟು ನೋಡಿದ.

"ಅರೆ, ಕಟ್ಟೇಬುಟ್ಯಾ ಮುನಿಯಣ್ಣ? ಎಲ್ಲಾ ಐತಾ? ಒಂದ್ಸಲ ಬಿಚ್ಚಿ ನೋಡ್ತೀನಿ."

"ದಾರಿಗೆ ಅಂತ ಕಟ್ಟಿದ ಗಂಟ ಹೊರಡಕ್ಕೆ ಮುಂಚೆ ಬಿಚ್ತಾರೇನ್ಲಾ? ಒಂದು ಮೊಳೇನೂ ಬುಟ್ಟಿಲ್ಲ. ಕಟ್ಟಿರೋನು ನಾನು."

ಆ ಕಡೆಯ ಗಾಡಿಯೋರಲ್ಲಿ ಅದು ಕಟ್ಟಳೆ. ಬೇಕಾದಾಗ ದಾರಿಯಲ್ಲೇ ಬಿಚ್ಚಬೇಕು. ಮನೆ ಮುಂದೆ ಬಿಚ್ಚಿದರೆ ಪಯಣ ಅಲ್ಲಿಗೇ ಮುಗೀತು ಅಂತ. ವಜೀರ ಒಂದು ಸಲ ವರಲಕ್ಷ್ಮಮ್ಮನ ಕಡೆ ನೋಡಿದ. ಗಂಟಿನ ಮೇಲಿಂದ ಕೈ ತೆಗೆದ.

ನಿಲ್ಲಿ. ಇಲ್ಲಿ ಇನ್ನೊಂದು ದಾರಿ ಇದೆ. ಬರೆದೇ ತೋರಿಸ್ತೀನಿ:

"ವಜೀರ ಮಾತು ಕೇಳದೆ ಗಂಟು ಬಿಚ್ಚಿದ. ಟ್ಯೂಬು ನೋಡಿ ಬೆಚ್ಚಿಬಿದ್ದ. ಬೇರೆ ಟ್ಯೂಬು ತರಿಸಿದ. ಕೂನೂರಿಗೆ ಹೊತ್ತಿಗೆ ಮುಂಚೆ ತಲುಪಿದರು."

ಮೂರ್ನಾಲ್ಕು ಸಾಲಿನಲ್ಲಿ ಎಲ್ಲ ಚೆನ್ನಾಯಿತು. ಆದರೆ ವಜೀರ ಒಪ್ಪಲಿಲ್ಲ. ಬೀಡಿ ಹಚ್ಚಿಕೊಂಡು ಬಂದು ನನ್ನ ಎದುರಿಗೇ ಕೂತ.

"ನಾನು ಬಿಚ್ತಿರ್ನಿಲ್ಲ ಯಜಮಾನ್ರೇ."

"ಯಾಕಪ್ಪ? ನೀನು ಮೆಕ್ಯಾನಿಕ್ಕು. ಗಂಟಿನ ಶಾಸ್ತ್ರ ನಿಂದಲ್ಲ."

"ನಂದಲ್ಲ, ಸರಿ. ಆದ್ರೆ ಅವನ ಮೊಖ ನೋಡಿದ್ರಾ ನೀವು? ತೊಟ್ಟಿಲ ಮೆತ್ತೆ ಎತ್ಕೊಂಡು ಒಳಗಿಟ್ಟೋನು ನಾನೇ. ಮೆತ್ತೆ ಕಿತ್ಕೊಂಡ ಕೈಯಲ್ಲೇ ಅವನು ಕಟ್ಟಿದ ಗಂಟೂ ಬಿಚ್ಚು ಅಂತೀರಾ? ಆ ಸಾಲು ಹೊಡೀರಿ."

ಹೊಡೆದೆ.

೬

ಹೊರಟರು. ತೊಟ್ಟಿಲಲ್ಲಿ ಮಗಳು, ವಜೀರನ ಬೆನ್ನ ಹಿಂದೆ ಕ್ಯಾರಿಯರಿನ ಮೇಲೆ ಅಪ್ಪ. ಬೈರಾಪಟ್ಟಣ ದಾಟೋವಾಗ ಊರಾಚೆ ಪ್ಲೇಗಿನ ಗುಡಿಸಲುಗಳು ಕಂಡವು. ಗಾಡಿ ನೋಡಿ ಯಾರೋ ಕೈ ಎತ್ತಿದರು. ಅವಳು ತಲೆ ಬಗ್ಗಿಸಿದಳು. ಮಂಡ್ಯ ಆಯಿತು, ಮೈಸೂರಾಯಿತು, ನಂಜನಗೂಡಾಯಿತು. ಬೆಲ್ಟು ಒಂದು ಸಲವೂ ಜಾರಲಿಲ್ಲ. ಏರಿನಲ್ಲೂ ಕಚ್ಚಿಕೊಂಡೇ ಇತ್ತು. ದೊಡ್ಡಮುನಿಯಪ್ಪ ಗಾಳಿಯಲ್ಲಿ ಕೂಗಿ ಕೇಳಿದ: "ಎಂಗೈತ್ಲಾ ನನ್ ಬೆಲ್ಟು?" ವಜೀರನೂ ಕೂಗಿದ: "ನಿನ್ನಂಗೇ ಐತೆ! ಬುಡು ಅಂದ್ರೂ ಬುಡಾಕಿಲ್ಲ!"

ಗುಂಡ್ಲುಪೇಟೆ ದಾಟಿ ಕಾಡು ಹತ್ತಿದ ಮೇಲೆ ಹಿಂದಿನ ಟೈರು ಕೋವಿ ಹೊಡೆದ ಹಾಗೆ ಸಿಡಿಯಿತು.

ಒಳಗಿನ ಟ್ಯೂಬು ತೇಪೆಗೂ ಮಿಕ್ಕಿ ಗೇಣುದ್ದ ಸೀಳಿತ್ತು. "ಇರ್ಲಿ, ಸ್ಪೇರು ಎಲ್ಡವೆ" ಅಂತ ವಜೀರ ಗಂಟು ಬಿಚ್ಚಿದ. ಮೊದಲು ಮೂಗಿಗೆ ಬಂತು, ಹೊಂಗೆಯ ವಾಸನೆ. ಆಮೇಲೆ ಕೈಗೆ. ಟ್ಯೂಬು ಊದಿಕೊಂಡು, ಮೆತ್ತಗೆ, ಕೊಳೆತ ಬಾಳೆಹಣ್ಣಿನ ಸಿಪ್ಪೆ ಹಿಡಿದ ಹಾಗಿತ್ತು. (ಚರ್ಮಕ್ಕೆ ಜೀವ ಕೊಡೋ ಎಣ್ಣೆ ರಬ್ಬರನ್ನ ಕೊಳೆಸುತ್ತೆ.)

"ಯಾರು ಎಣ್ಣೆ ಹಾಕಿದ್ದು ಇದಕ್ಕೆ?"

"ನಾನೇ ಕಣ್ಲಾ. ಎಲ್ಡಕ್ಕೂ ಹಾಕಿವ್ನಿ. ಬೂಷ್ಟು ಬಂದ್ಬುಟ್ಟಿತ್ತು, ನೀನು ನೋಡೇ ಇರ್ನಿಲ್ಲ."

ವಜೀರ ಒಂದನ್ನ ಹಾಕಿ ಗಾಳಿ ಹೊಡೆದ. ಬೆಸುಗೆಯ ಜಾಗದಲ್ಲಿ ಪುಸ್ ಅಂತ ಬಿಟ್ಟುಕೊಂಡಿತು. ಇನ್ನೊಂದು ಹಾಕಿದ, ಅದೂ ಹಾಗೇ. ಪೆಟ್ರೋಲಿನಲ್ಲಿ ಒರೆಸಿ ತೇಪೆ ಅಂಟಿಸಿದ. ತೇಪೆ ಹಲಸಿನ ಬೀಜದ ಹಾಗೆ ಜಾರಿತು. ಮತ್ತೆ ಒರೆಸಿದ. ಮತ್ತೆ ಜಾರಿತು.

"ಏನಾಯ್ತ್ಲಾ?"

"ಏನಿಲ್ಲ ಮುನಿಯಣ್ಣ. ಹಳೇ ಮಾಲು."

ದೊಡ್ಡಮುನಿಯಪ್ಪ ಬಗ್ಗಿ ಟ್ಯೂಬಿನ ಮೇಲೆ ಹೆಬ್ಬೆಟ್ಟಿಟ್ಟ. ಚರ್ಮ ಮುಟ್ಟಿ ಮುಟ್ಟಿ ಮುದಿಯಾದ ಹೆಬ್ಬೆಟ್ಟು. ಒತ್ತಿದ. ಒತ್ತಿದ್ದು ಹಾಗೇ ಉಳಿಯಿತು.

"ವಜೀರ."

"ಊಂ."

"ಇದು ನಿಜವಾಗ್ಲೂ ಮರದ ಹಾಲೇನ್ಲಾ?"

ವಜೀರ ಕಾಡಿನ ಕಡೆ ಮುಖ ತಿರುಗಿಸಿದ. ತೊಟ್ಟಿಲಿನಿಂದ ವರಲಕ್ಷ್ಮಮ್ಮ ಇಬ್ಬರನ್ನೂ ನೋಡ್ತಿದ್ದಳು.

ಟೈರಿನೊಳಗೆ ಹುಲ್ಲು ತುರುಕಿ ನಡಿಗೆಯ ವೇಗದಲ್ಲಿ ತಳ್ಳಿದರು. ಹುಲ್ಲು ಪುಡಿಯಾಗಿ ಟೈರೂ ಹರಿಯಿತು. ಆಮೇಲೆ ಮರ ಸಾಗಿಸೋ ಎತ್ತಿನ ಗಾಡಿಯೊಂದು ಸಿಕ್ಕಿತು. ವಜೀರ ಮೋಟಾರ್ ಸೈಕಲ್ಲಿನ ಹತ್ತಿರವೇ ಉಳಿದ. ಅಪ್ಪ ಮಗಳು ದಿಮ್ಮಿಗಳ ಮೇಲೆ ಕೂತು ಬೆಟ್ಟ ಹತ್ತಿದರು. ಎರಡು ಹಗಲು ಅಲ್ಲಿ ಹೋಯಿತು.

೭

ಇಷ್ಟು ಬರೆದು ಎದ್ದು ಕಾಫಿ ಕಾಯಿಸಿಕೊಂಡು ಬರೋ ಹೊತ್ತಿಗೆ ದೊಡ್ಡಮುನಿಯಪ್ಪ ನನ್ನ ಹೊಸಿಲ ಹೊರಗೆ ನಿಂತಿದ್ದ. ಒಳಗೆ ಬಾ ಅಂದೆ. ಬರಲಿಲ್ಲ.

"ಆ ಗೊಟ್ಟನ ನನ್ ಸೊಂಟಕ್ಕೆ ಸಿಕ್ಸಿದ್ದು ಯಾರು ಸ್ವಾಮಿ?"

"ನಿನ್ನ ಕಸುಬು ಮುನಿಯಪ್ಪ. ಅದು ಇದ್ದೇ ಇರ್ತದೆ."

"ಕಸುಬು ಕೊಟ್ಟಿದ್ದು ಯಾರು?"

"ನಾನೇ."

"ಆವತ್ತು ಒಂದು ದಿನ ಎಣ್ಣೆ ಖಾಲಿಯಾಗಿತ್ತು ಅಂತ ಬರಿಯಾಕೆ ನಿಮ್ ಕೈ ಸೇದೋಗಿತ್ತಾ?"

"ಎಣ್ಣೆ ಖಾಲಿಯಾಗಿದ್ದಿದ್ದರೆ ಕಥೆ ಇರ್ತಿರ್ಲಿಲ್ಲ."

"ಕಥೆ ಇಲ್ಲದಿದ್ರೆ ನನ್ ಮಗೀಗೆ ನರೀನೂ ಕಚ್ತಿರ್ನಿಲ್ಲ."

(ಇದಕ್ಕೆ ಉತ್ತರ ದೊಡ್ಡ ದೊಡ್ಡ ಪುಸ್ತಕ ಬರೆಯೋರ ಹತ್ತಿರ ಇರಬಹುದು. ನಾನು ಮೂರನೇ ಕ್ಲಾಸಿಗೆ ಮೇಷ್ಟ್ರ ಹತ್ತಿರ ಏಟು ತಿಂದು ಸ್ಕೂಲು ಬಿಟ್ಟೋನು.) ಕಾಫಿ ಅವನ ಕಡೆ ನೂಕಿದೆ. ಆರಿಹೋಯಿತು.

"ಆಯ್ತು, ನಡೆದದ್ದು ನಡೀತು," ಅಂದ ಕೊನೆಗೆ. "ಮುಂದಕ್ಕೆ ಒಸಿ ನೋಡ್ಕೊಂಡು ಬರೀರಿ."

ಪಾತ್ರದೋರು ಬೈದರೆ ತಡ್ಕೋಬಹುದು. ಹಾಗೆ ಕೇಳಿಕೊಂಡರೆ ತಡ್ಕೊಳ್ಳೋದು ಕಷ್ಟ.

೮

ಕೂನೂರಿನಲ್ಲಿ ಹೊಟ್ಟೆಗೆ ದಿನಾ ಸೂಜಿ ಹಾಕಿದರು. ಕೋರ್ಸು ಪೂರ್ತಿ ಮಾಡಿ ಕಳಿಸೋವಾಗ ಡಾಕ್ಟರು ಹೇಳಿದ್ದು: ಗಾಯ ಮುಖದ ಮೇಲಿದೆ, ಬಂದದ್ದೂ ತಡ. ಕೊಡೋ ಮದ್ದು ಕೊಟ್ಟಿದ್ದೀವಿ. ನೀರು ನುಂಗೋವಾಗ ಗಂಟಲು ಹಿಡಿದರೆ ಆಮೇಲೆ ಮಾಡೋದು ಏನೂ ಇಲ್ಲ. ಹಿಡಿಯದೇ ಇರಬಹುದು. ತಿಂಗಳು ಕಾಯಬೇಕೋ, ವರ್ಷ ಕಾಯಬೇಕೋ.

"ಎಲ್ಡು ದಿನ ಮುಂಚೆ ಬಂದಿದ್ರೆ ಬುದ್ಧಿ?"

"ಅದನ್ನ ಯಾರೂ ಹೇಳೋಕಾಗಲ್ಲಪ್ಪ."

ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು, ಒಳ್ಳೆಯದೋ ಕೆಟ್ಟದ್ದೋ.

ಈಗ ಮುಗಿಸಬೇಕು. ಬರೆದಿಟ್ಟ ಮುಗಿತಾಯಗಳು ಇವು, ನಿಮಗೂ ತೋರಿಸಿಬಿಡ್ತೀನಿ.

ಅ) ವರಲಕ್ಷ್ಮಮ್ಮ ಬದುಕಿದಳು. ಮಕ್ಕಳು, ಮೊಮ್ಮಕ್ಕಳು. ಕೆನ್ನೆಯ ಗಾಯದ ಗುರುತನ್ನ ಮೊಮ್ಮಕ್ಕಳು ಮುಟ್ಟಿ ಮುಟ್ಟಿ ಕಥೆ ಕೇಳ್ತಿದ್ದರು. (ಅವಳಿಗೇ ಓದಿ ಹೇಳಿದೆ. "ಯಾರಜ್ಜಿನೋ ಅದು, ಚೆನ್ನಾಗವ್ಳೆ," ಅಂದಳು.)

ಆ) ಒಂದು ಬೆಳಗ್ಗೆ ಗಂಟಲು ಹಿಡಿಯಿತು. (ಇದರ ಎರಡನೇ ಸಾಲು ಬರೆಯೋಕೆ ಕೂತಾಗ ದೊಡ್ಡಮುನಿಯಪ್ಪ ಹಾಳೆಯಿಂದ ಎದ್ದು ಹೋದ. ಅವನಿಲ್ಲದೆ ಆ ಸಾಲು ನಿಲ್ಲಲಿಲ್ಲ.)

ಇ) ಗಂಡನ ಮನೆಯಿಂದ ಕರೆಯೋಕೆ ಬಂದರು. (ಬರಲಿಲ್ಲ.)

೯

ಬೈರಾಪಟ್ಟಣ. ಪ್ಲೇಗು ಇಳಿದಿದೆ. ಕೇರಿಯೋರು ಗುಡಿಸಲು ಬಿಟ್ಟು ಮನೆಗೆ ಬಂದಿದ್ದಾರೆ. ದೊಡ್ಡಮುನಿಯಪ್ಪ ಕೆಲಸ ಬಿಟ್ಟಿದ್ದಾನೆ. ತೊಟ್ಟಿಯಲ್ಲಿ ನೆನೆ ಹಾಕಿದ ಚರ್ಮ ನಾರುತ್ತಿದೆ. ದಿನಾ ಬೆಳಗ್ಗೆ ಮಗಳು ಎದ್ದು ಚೊಂಬು ಎತ್ತೋದನ್ನೇ ಕಾಯ್ತಾನೆ. ಅವಳ ಗಂಟಲು ಏರಿ ಇಳಿದ ಮೇಲೇ ಅವನ ಉಸಿರು. ಅವನ ಹಿಂದೆ ನಿಂತು ನಾನೂ ನೋಡ್ತೀನಿ, ಬರೆಯೋಕೆ ಅಂತ.

ಇವತ್ತು ಅವಳು ಎದ್ದೋಳೇ, "ಗಂಟಲು ಒಸಿ ಕೆರೀತೈತೆ," ಅಂದಳು. "ನೆಗಡಿ ಇರ್ಬೇಕು."

ದೊಡ್ಡಮುನಿಯಪ್ಪನ ಮುಖ ನೋಡೋಕಾಗಲಿಲ್ಲ. "ಒಂದ್ ಗುಟುಕು ಕುಡಿ ಮಗ," ಅಂದ.

ಅವಳು ಚೊಂಬು ತಗೊಂಡಳು. ಎತ್ತಲಿಲ್ಲ. ಅಪ್ಪನನ್ನ ನೋಡಿದಳು, ಆಮೇಲೆ ಅವನ ಹೆಗಲ ಮೇಲಿಂದ ನನ್ನನ್ನ.

"ಇಬ್ರೂ ಆಚೆಗೋಗಿ."

"ಮಗ..."

"ದಿನಾ ನನ್ ಗಂಟ್ಲನ್ನೇ ನೋಡ್ಕೊಂಡು ನಿಂತ್ರೆ ಯಾರಿಗ್ತಾನೆ ನೀರಿಳೀತದೆ? ನಾನೇನು ನಿಮ್ಮ ಮೋಟ್ರು ಗಾಡಿನಾ, ದಿನಾ ಬಿಚ್ಚಿ ನೋಡಾಕೆ? ಹೋಗಪ್ಪ. ಬರ್ಕೊಂಡು ನಿಂತವ್ರಲ್ಲ, ಈ ಯಜಮಾನ್ರನ್ನೂ ಕರ್ಕೊಂಡೋಗು. ಅವರ ಹಿಂದ್ಗಡೆ ಯಾರ್ಯಾರೋ ಇಣುಕ್ತಾವ್ರೆ, ಅವ್ರನ್ನೂವೆ."

ಅವಳು ಹೇಳಿದ್ದು ನಿಮ್ಮನ್ನೇ. ಎಲ್ಲರೂ ಹೊರಗೆ ಬಂದೆವು. ಅವಳು ಬಾಗಿಲು ಹಾಕಿ, ಒಳಗಿಂದ ಅಗುಳಿ ಸೇರಿಸಿದಳು.

ಜಗಲಿಯ ಮೇಲೆ ಅವನೂ ನಾನೂ ಪಕ್ಕಪಕ್ಕ ಕೂತೆವು. ಒಳಗಿನ ಸದ್ದು ಒಂದೂ ಕೇಳಲಿಲ್ಲ. ಬೀದಿಯಲ್ಲಿ ಯಾರದೋ ಮನೆಯ ರಾಗಿಕಲ್ಲು ತಿರುಗ್ತಾ ಇತ್ತು.

"ನೀವು ಬರೆಯೋರು," ಅಂದ ದೊಡ್ಡಮುನಿಯಪ್ಪ, ಬಾಗಿಲ ಕಡೆ ನೋಡದೆ. "ಒಳಗೇನಾಯ್ತೈತೆ ಅಂತ ನಿಮ್ಗೆ ಗೊತ್ತಿರ್ತದೆ."

"ಗೊತ್ತಿಲ್ಲ ಮುನಿಯಪ್ಪ."

"ಗೊತ್ತಿದ್ರೂ ಯೋಳ್ಬ್ಯಾಡಿ."

ಪೆನ್ನಿಗೆ ಕ್ಯಾಪು ಹಾಕಿದೆ.